ಮಾತ್ರೆ ಕೊಟ್ಟ ಮೇಲಿನ ಕೆಲಸ

ಚೀಟಿ ನೋಡಿ, ಸ್ಟ್ರಿಪ್ ಎಳೆದು, ಬಿಲ್ ಮಾಡಿ ಕೊಡುವವರೇ ಫಾರ್ಮಸಿಸ್ಟ್ ಎಂದು ಜನ ತಿಳಿದಿದ್ದಾರೆ. ಬಹಳಷ್ಟು ಫಾರ್ಮಸಿಸ್ಟರೂ ಹಾಗೇ ತಿಳಿದಿದ್ದಾರೆ. ಕಾನೂನು ಮಾತ್ರ ಹಾಗೆ ತಿಳಿದಿಲ್ಲ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಲ್ಲಿ ರೋಗಿಗೆ ಏನೇನು ತಿಳಿಸಬೇಕೆಂಬ ಪಟ್ಟಿಯೇ ಇದೆ: ಔಷಧದ ಹೆಸರು, ಯಾವುದಕ್ಕೆ ಕೊಟ್ಟದ್ದು, ಎಷ್ಟು, ಹೇಗೆ ತೆಗೆದುಕೊಳ್ಳಬೇಕು, ಯಾವ ಅಡ್ಡಪರಿಣಾಮಕ್ಕೆ ಎಚ್ಚರ ವಹಿಸಬೇಕು, ಮನೆಯಲ್ಲಿ ಎಲ್ಲಿಡಬೇಕು, ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರು 1990ರ ದಶಕದ ಕೊನೆಯ ಹೊತ್ತಿಗೇ ಆಸ್ಪತ್ರೆಯ ವಾರ್ಡುಗಳಲ್ಲಿ ಈ ಕೆಲಸ ಶುರು ಮಾಡಿದ್ದರು. 2008ರಲ್ಲಿ ಆರು ವರ್ಷದ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬಂತು. ಆದರೂ ವಾರ್ಡಿನಲ್ಲಿ ಬೆಳೆದ ಆ ಪದ್ಧತಿ ಬೀದಿಯ ಮೆಡಿಕಲ್ ಶಾಪಿನವರೆಗೆ ಇಳಿದದ್ದು ಕಡಿಮೆ.

ಯಾಕೆ ಎಂದರೆ ಎರಡು ಕಾರಣ ಹೇಳುತ್ತಾರೆ: ಟೈಮಿಲ್ಲ, ದುಡ್ಡಿಲ್ಲ. ದುಡ್ಡಿನ ಮಾತು ನಿಜ. ಬ್ರಿಟನ್ನಿನ ಇಂಗ್ಲೆಂಡ್ ಭಾಗದಲ್ಲಿ 2024ರ ಜನವರಿ 31ರಿಂದ ‘ಫಾರ್ಮಸಿ ಫಸ್ಟ್’ ಎಂಬ ಯೋಜನೆಯಿದೆ. ಗಂಟಲು ನೋವು, ಕಿವಿ ನೋವು, ಸರ್ಪಸುತ್ತು, ಹೆಂಗಸರ ಸಾಮಾನ್ಯ ಮೂತ್ರದ ಸೋಂಕು ಸೇರಿ ಏಳು ತೊಂದರೆಗಳನ್ನು ಫಾರ್ಮಸಿಸ್ಟರೇ ನೋಡಿ ಔಷಧ ಕೊಡಬಹುದು, ಅದಕ್ಕೆ ಸರ್ಕಾರ ಶುಲ್ಕ ಕೊಡುತ್ತದೆ. ನಮ್ಮಲ್ಲಿ ಸಲಹೆಗೆ ಒಂದು ರೂಪಾಯಿಯೂ ಇಲ್ಲ. ಬೆಲೆ ನಿಯಂತ್ರಣದ ಔಷಧಗಳಲ್ಲಿ ಅಂಗಡಿಗೆ ಸಿಗುವುದು ಶೇ. 16ರ ಮಾರ್ಜಿನ್ ಮಾತ್ರ. ಟೈಮಿನ ಮಾತು ಅಷ್ಟು ನಿಜವಲ್ಲ. ಸಂಜೆ ಆರರಿಂದ ಒಂಬತ್ತು ಗಂಟೆಯ ನೂಕುನುಗ್ಗಲಿನಲ್ಲಿ ಯಾರಿಗೂ ಏನೂ ಹೇಳಲಾಗುವುದಿಲ್ಲ, ಸರಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಅದೇ ಅಂಗಡಿಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ತಿಂಗಳ ಮಾತ್ರೆಯ ಗಿರಾಕಿಗಳಿಗೆ ‘ನಾಳೆ ಮಧ್ಯಾಹ್ನ ಬನ್ನಿ, ಎಲ್ಲ ಮಾತ್ರೆನೂ ಒಂದು ಚೀಲದಲ್ಲಿ ಹಾಕ್ಕೊಂಡು ಬನ್ನಿ’ ಎಂದರೆ ಬರುತ್ತಾರೆ.

ಬಿಲ್ಲಿಂಗ್ ಕಂಪ್ಯೂಟರಿನಿಂದ ಶುರು ಮಾಡಿ

ಹೊಸ ಯಂತ್ರ ಬೇಕಿಲ್ಲ. ಗಿರಾಕಿಯ ಫೋನ್ ನಂಬರಿನ ಮೇಲೆ ಬಿಲ್ ಮಾಡುವ ಅಭ್ಯಾಸವಿದ್ದರೆ ಅರ್ಧ ಕೆಲಸ ಆಗಿದೆ. ದಿನಕ್ಕೊಂದು ಟೆಲ್ಮಿಸಾರ್ಟಾನ್ (ಬಿಪಿ ಮಾತ್ರೆ), 30 ಮಾತ್ರೆ ಕೊಂಡವರು 45 ದಿನ ಬಿಟ್ಟು ಬಂದರೆ, ಆ ಅವಧಿಯಲ್ಲಿ ಅವರ ಹತ್ತಿರ ಮಾತ್ರೆ ಇದ್ದದ್ದು ಮೂರರಲ್ಲಿ ಎರಡು ಭಾಗ ದಿನ. ಶೇ. 80ಕ್ಕಿಂತ ಕೆಳಗೆ ಬಂದರೆ ಕೇಳಬೇಕು ಎನ್ನುವುದು ಸಾಮಾನ್ಯ ಅಳತೆ. ಆದರೆ ಲೆಕ್ಕವನ್ನು ಮುಖಕ್ಕೆ ಹಿಡಿಯಬಾರದು. ಅವರು ನಡುವೆ ಜನೌಷಧಿಯಲ್ಲಿ ಕೊಂಡಿರಬಹುದು, ಪಿಎಚ್‌ಸಿಯಲ್ಲಿ ಪುಕ್ಕಟೆ ಸಿಕ್ಕಿರಬಹುದು, ಡಾಕ್ಟರೇ ಬದಲಿಸಿರಬಹುದು. ‘ದಿನಾ ತಗೊಳ್ಳೋದು ಎಷ್ಟೋ ಜನಕ್ಕೆ ಮರೆತುಹೋಗುತ್ತೆ. ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿರಬಹುದು?’ ಎಂದು ಕೇಳಿದರೆ ಉತ್ತರ ಬರುತ್ತದೆ. ‘ಸರಿಯಾಗಿ ತಗೋತಿದ್ದೀರಾ?’ ಎಂದರೆ ‘ಹ್ಞೂಂ’ ಬಿಟ್ಟು ಬೇರೇನೂ ಬರುವುದಿಲ್ಲ.

ಬಿಟ್ಟದ್ದಕ್ಕೆ ಕಾರಣ ಮರೆವೊಂದೇ ಅಲ್ಲ. ‘ಶುಗರ್ ನಾರ್ಮಲ್ ಬಂತು, ಅದಕ್ಕೆ ನಿಲ್ಲಿಸಿದೆ’ ಎನ್ನುವವರೇ ಹೆಚ್ಚು. ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ನಿಂದ ಹೊಟ್ಟೆ ಕೆಟ್ಟು ಬಿಟ್ಟವರಿರುತ್ತಾರೆ. ಅದನ್ನು ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಲು ಹೇಳುವುದು, ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆ ಆಗಬಹುದೇ ಎಂದು ಡಾಕ್ಟರನ್ನು ಕೇಳುವುದು, ಎರಡೂ ನಿಮ್ಮ ಕೆಲಸವೇ. ಬಸ್ಸಿನಲ್ಲಿ ದೂರ ಹೋಗುವ ದಿನ ಮೂತ್ರ ಹೋಗುವ ಮಾತ್ರೆ ಬಿಡುವವರೂ ಇದ್ದಾರೆ. ‘ಊರಿಗೆ ಹೋಗಿ ಮುಟ್ಟಿದ ಮೇಲೆ ತಗೊಳ್ಳಬಹುದಾ ಅಂತ ಡಾಕ್ಟ್ರನ್ನ ಕೇಳೋಣ’ ಎಂದರೆ ಅವರು ಆಶ್ಚರ್ಯ ಪಡುತ್ತಾರೆ. ಬಿಡುವುದೊಂದೇ ದಾರಿ ಎಂದುಕೊಂಡಿರುತ್ತಾರೆ.

ಅದೇ ಬಿಲ್ಲಿನಲ್ಲಿ ಇನ್ನೂ ಸೂಕ್ಷ್ಮವಾದದ್ದು ಕಾಣುತ್ತದೆ. ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ಶುರುವಾದ ಕೆಲವು ವಾರಕ್ಕೆ ಅದೇ ಹೆಸರಿನಲ್ಲಿ ಕೆಮ್ಮಿನ ಸಿರಪ್, ಮತ್ತೆ ಕೆಮ್ಮಿನ ಸಿರಪ್. ಆ ಬಿಪಿ ಮಾತ್ರೆಗಳಿಗೆ ಒಣಕೆಮ್ಮು ಪ್ರಸಿದ್ಧ ಅಡ್ಡಪರಿಣಾಮ. ಸಿರಪ್ಪಿನಿಂದ ಹೋಗುವುದಿಲ್ಲ, ಮಾತ್ರೆ ಬದಲಾಗಬೇಕು. ಇನ್ನೊಂದು ಬಿಪಿ ಮಾತ್ರೆ ಅಮ್ಲೋಡಿಪಿನ್‌ನಿಂದ ಪಾದ ಊದಿಕೊಂಡವರಿಗೆ ಮತ್ತೊಬ್ಬ ಡಾಕ್ಟರು ನೀರಿಳಿಸುವ ಮಾತ್ರೆ ಬರೆಯುವುದೂ ಇದೇ ಬಗೆಯ ಸರಪಳಿ. ಇಬ್ಬರು ಡಾಕ್ಟರ ಎರಡು ಚೀಟಿಯೂ ಒಟ್ಟಿಗೆ ಬರುವ ಜಾಗ ಮೆಡಿಕಲ್ ಶಾಪ್ ಒಂದೇ. ಉಬ್ಬಸಕ್ಕೆ ಎಳೆಯುವ ನೀಲಿ ಸಾಲ್ಬುಟಮಾಲ್ ಇನ್ಹೇಲರಿನ ಲೆಕ್ಕವಂತೂ ನೇರ: 200 ಪಫ್‌ನ ಕ್ಯಾನಿಸ್ಟರ್ ವರ್ಷಕ್ಕೆ ಮೂರು ಅಥವಾ ಅದಕ್ಕಿಂತ ಹೆಚ್ಚು ಖಾಲಿಯಾದರೆ ಉಬ್ಬಸ ಉಲ್ಬಣಿಸುವ ಅಪಾಯ ಹೆಚ್ಚು, ತಿಂಗಳಿಗೊಂದು ಖಾಲಿಯಾದರೆ ಜೀವಕ್ಕೇ ಅಪಾಯ ಹೆಚ್ಚು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ ಹೇಳುತ್ತದೆ. ತಿಂಗಳಿಗೊಂದು ನೀಲಿ ಇನ್ಹೇಲರ್ ಒಯ್ಯುವ ಗಿರಾಕಿಯನ್ನು ಒಳ್ಳೆಯ ಗಿರಾಕಿ ಎಂದುಕೊಂಡರೆ ಅದು ವ್ಯಾಪಾರಿಯ ಕಣ್ಣು.

ಚೀಲ ತರಿಸಿದಾಗ ಮೊದಲು ಹುಡುಕಬೇಕಾದದ್ದು ಜೋಡಿ ಮಾತ್ರೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಬ್ರ್ಯಾಂಡ್, ಮನೆಯಲ್ಲಿ ಮೊದಲಿನ ಡಾಕ್ಟರು ಕೊಟ್ಟ ಇನ್ನೊಂದು ಬ್ರ್ಯಾಂಡ್, ಜೊತೆಗೆ ಜನೌಷಧಿಯ ಸ್ಟ್ರಿಪ್. ಮೂರರಲ್ಲೂ ಇರುವುದು ಶುಗರ್ ಇಳಿಸುವ ಅದೇ ಗ್ಲಿಮೆಪಿರೈಡ್. ಸ್ಟ್ರಿಪ್ಪಿನ ಬಣ್ಣ ಬೇರೆ, ಆದ್ದರಿಂದ ಮಾತ್ರೆಯೂ ಬೇರೆ ಎಂದು ಅಜ್ಜ ಮೂರನ್ನೂ ನುಂಗುತ್ತಾರೆ, ಬೆಳಗಿನ ಜಾವ ಬೆವೆತು ಬೀಳುತ್ತಾರೆ. ಎರಡು ಔಷಧ ಕೂಡಿಸಿದ ಮಾತ್ರೆಗಳಲ್ಲಿ ಇದು ಇನ್ನೂ ಸುಲಭವಾಗಿ ಅಡಗಿಕೊಳ್ಳುತ್ತದೆ: ಟೆಲ್ಮಿಸಾರ್ಟಾನ್ ಜೊತೆ ಅಮ್ಲೋಡಿಪಿನ್ ಇರುವ ಮಾತ್ರೆಯ ಪಕ್ಕದಲ್ಲೇ ಬಿಡಿ ಅಮ್ಲೋಡಿಪಿನ್. ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರದ ಜೆನೆರಿಕ್ ಹೆಸರನ್ನೇ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತಾ ಹೋಗಿ. ಎರಡು ಸಲ ಬಂದದ್ದು ತಾನೇ ಕಾಣುತ್ತದೆ. ಕಣ್ಣಿಗೆ ಬಿಡುವ ಡ್ರಾಪ್ಸ್, ಕಷಾಯ, ಚೂರ್ಣ, ನೋವಿನ ಮುಲಾಮು ಇವನ್ನೂ ತರಲು ಹೇಳಿ. ‘ಮಾತ್ರೆ’ ಎಂದರೆ ಅವನ್ನು ಯಾರೂ ತರುವುದಿಲ್ಲ.

ಕೇಳುವ ಕ್ರಮ

ಅಮೆರಿಕದ ಇಂಡಿಯನ್ ಹೆಲ್ತ್ ಸರ್ವಿಸಿನವರು (ಅಲ್ಲಿನ ಮೂಲನಿವಾಸಿಗಳ ಆರೋಗ್ಯ ಸೇವೆ) ಬೆಳೆಸಿದ ಮೂರು ಪ್ರಶ್ನೆಗಳು ಈಗ ಎಲ್ಲ ಕಡೆ ಕಲಿಸುವಂಥವು. ನಮ್ಮ ಕೌಂಟರಿನ ಭಾಷೆಯಲ್ಲಿ: ಡಾಕ್ಟ್ರು ಈ ಮಾತ್ರೆ ಯಾತಕ್ಕೆ ಅಂದ್ರು? ಹೇಗೆ ತಗೊಳ್ಳಿ ಅಂದ್ರು? ತಗೊಂಡ ಮೇಲೆ ಏನಾಗುತ್ತೆ ಅಂದ್ರು? ಹಳೇ ಗಿರಾಕಿಯಾದರೆ ‘ಅಂದ್ರು’ ಬದಲು ‘ಹೇಗೆ ತಗೋತಿದ್ದೀರಿ, ತಗೊಂಡಾಗಿನಿಂದ ಏನಾದ್ರೂ ತೊಂದರೆ?’ ಇದರ ಲಾಭವೇನೆಂದರೆ ಅವರಿಗೆ ಗೊತ್ತಿರುವುದನ್ನು ಮತ್ತೆ ಹೇಳುತ್ತಾ ಸಮಯ ಕಳೆಯಬೇಕಿಲ್ಲ. ಗೊತ್ತಿಲ್ಲದ್ದನ್ನು ಮಾತ್ರ ತುಂಬಿದರಾಯಿತು. ಕೊನೆಯಲ್ಲಿ ‘ಗೊತ್ತಾಯ್ತಾ?’ ಎನ್ನಬೇಡಿ. ‘ಅಮ್ಮಾ, ಮನೇಲಿ ಮಗ ಕೇಳಿದ್ರೆ ಇದನ್ನ ಹೇಗೆ ಹೇಳ್ತೀರಿ?’ ಎಂದು ಅವರ ಬಾಯಲ್ಲೇ ಹೇಳಿಸಿ. ಕಾಯಿಲೆ ನಾಚಿಕೆಯದ್ದಾದರೆ ಬಿಲ್ಲಿಂಗ್ ಕಡೆಯಿಂದ ದೂರದ ಕೌಂಟರಿನ ಮೂಲೆಗೆ ಕರೆದು ಮಾತಾಡಿ. ರಿಟೇಲ್ ಲೈಸೆನ್ಸಿಗೆ ಬೇಕಾದ ಹತ್ತು ಚದರ ಮೀಟರಿನಲ್ಲೂ ಒಂದು ಮೂಲೆ ಇರುತ್ತದೆ.

ಬರೆದುಕೊಡುವುದು ಹೇಳಿದಷ್ಟೇ ಮುಖ್ಯ. ಚೀಟಿಯ 1-0-1 (ಬೆಳಿಗ್ಗೆ ಒಂದು, ರಾತ್ರಿ ಒಂದು) ಎಂಬುದನ್ನು ಒಂದು ದಿನ ಬಿಟ್ಟು ಒಂದು ದಿನ ಎಂದು ಓದಿಕೊಳ್ಳುವವರೂ ಸಿಗುತ್ತಾರೆ. ಕವರಿನ ಮೇಲೆ ‘ಬಿಪಿಗೆ, ಬೆಳಿಗ್ಗೆ 1’ ಎಂದು ದೊಡ್ಡದಾಗಿ ಕನ್ನಡದಲ್ಲಿ ಬರೆಯಿರಿ. ಓದು ಬಾರದವರಿಗೆ ಸೂರ್ಯ, ಚಂದ್ರ ಬರೆದರೆ ಸಾಕು. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ನಂಬರು ಮತ್ತು ಎಕ್ಸ್‌ಪೈರಿ ಇರುವ ತುದಿಯನ್ನು ಅಂಗಡಿಯಲ್ಲೇ ಉಳಿಸಿಕೊಂಡು ಇನ್ನೊಂದು ಕಡೆಯಿಂದ ಕತ್ತರಿಸುತ್ತೇವೆ, ಉಳಿದದ್ದನ್ನು ಮಾರಬೇಕಲ್ಲ. ಹಾಗಾದರೆ ಗಿರಾಕಿಗೆ ಹೋಗುವ ತುಂಡಿನಲ್ಲಿ ತಾರೀಕು ಇರುವುದಿಲ್ಲ, ಕೆಲವೊಮ್ಮೆ ಹೆಸರೂ ಅರ್ಧ. ಅದನ್ನು ಕವರಿನ ಮೇಲೆ ಬರೆಯದೆ ಕೊಟ್ಟರೆ ಆರು ತಿಂಗಳ ನಂತರ ಅವರ ಡಬ್ಬಿಯಲ್ಲಿರುವುದು ಏನೆಂದು ನಿಮಗೂ ಹೇಳಲಾಗುವುದಿಲ್ಲ.

ಸಿರಿಂಜು, ಇನ್ಹೇಲರು, ಚಮಚ

ಕೌಂಟರಿನ ಸಮಯದಲ್ಲಿ ಅತಿ ಹೆಚ್ಚು ಪಾಲು ಇವಕ್ಕೇ ಹೋಗಬೇಕು. ಮಾತ್ರೆ ನುಂಗುವುದು ಎಲ್ಲರಿಗೂ ಗೊತ್ತು. ಸಾಧನ ಬಳಸುವುದು ಯಾರಾದರೂ ತೋರಿಸದೆ ಬರುವುದಿಲ್ಲ.

ಭಾರತದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಯು-40 ಎಂದರೆ ಒಂದು ಎಂಎಲ್‌ನಲ್ಲಿ 40 ಯೂನಿಟ್; ಇದರ ಸಿರಿಂಜಿನ ಮುಚ್ಚಳ ಕೆಂಪು. ಯು-100 ಎಂದರೆ ಒಂದು ಎಂಎಲ್‌ಗೆ 100 ಯೂನಿಟ್. ಮುಚ್ಚಳ ಕಿತ್ತಳೆ ಬಣ್ಣ. ಪೆನ್ನಿನ ಕಾರ್ಟ್ರಿಡ್ಜುಗಳು ಯು-100. ಯು-100 ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಒಳಗೆ ಬರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ತಿರುಗಿಸಿ ಮಾಡಿದರೆ, ಯು-40 ವಯಲ್‌ಗೆ (ಇನ್ಸುಲಿನ್ ಬಾಟಲಿಗೆ) ಕಿತ್ತಳೆ ಸಿರಿಂಜು ಹಾಕಿದರೆ, 20ರ ಜಾಗದಲ್ಲಿ 8 ಯೂನಿಟ್ ಮಾತ್ರ ಹೋಗುತ್ತದೆ, ಶುಗರ್ ಯಾಕೆ ಇಳಿಯುತ್ತಿಲ್ಲ ಎಂದು ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ. ಈ ತಪ್ಪು ಹೆಚ್ಚಾಗಿ ಆಗುವುದು ಮೂರು ಸಂದರ್ಭದಲ್ಲಿ: ಗಿರಾಕಿ ‘ಶುಗರ್ ಸಿರಿಂಜ್’ ಎಂದಾಗ ಅಂಗಡಿ ಹುಡುಗ ಕೈಗೆ ಸಿಕ್ಕಿದ್ದು ಕೊಟ್ಟಾಗ, ಪೆನ್ನು ಕೆಟ್ಟು ಕಾರ್ಟ್ರಿಡ್ಜಿನಿಂದ ಸಿರಿಂಜಿನಲ್ಲಿ ಎಳೆದಾಗ, ಡಾಕ್ಟರು ವಯಲ್ ಬದಲಿಸಿ, ಮನೆಯಲ್ಲಿ ಹಳೇ ಸಿರಿಂಜಿನ ಪೊಟ್ಟಣ ಉಳಿದಿದ್ದಾಗ. ಎರಡು ಬಗೆಯ ಸಿರಿಂಜನ್ನೂ ಒಂದೇ ಡ್ರಾಯರಿನಲ್ಲಿ ಇಡಬೇಡಿ. ಸಿರಿಂಜು ಮಾತ್ರ ಕೇಳಿ ಬಂದವರಿಗೆ ಅವರ ವಯಲಿನ ಫೋಟೋ ನೋಡದೆ ಕೊಡಬೇಡಿ.

ಇಡುವ ರೀತಿ: ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ, ಫ್ರೀಜರಿನಲ್ಲಿ ಎಂದೂ ಅಲ್ಲ, ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಎಸೆಯಬೇಕು. ಬಳಕೆಯಲ್ಲಿರುವುದು ಸಾಮಾನ್ಯವಾಗಿ ನಾಲ್ಕು ವಾರ ಕೋಣೆಯ ತಂಪಿನಲ್ಲಿ ಇರಬಹುದು, ಅದಕ್ಕೆ ತೆರೆದ ತಾರೀಕನ್ನು ಲೇಬಲ್ಲಿನ ಮೇಲೆ ಬರೆಸಿ. ಆದರೆ ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಅಲ್ಲಿನ ‘ಕೋಣೆಯ ತಂಪು’ ಪೆಟ್ಟಿಗೆಯ ಮೇಲೆ ಬರೆದದ್ದಲ್ಲ. ಫ್ರಿಜ್ ಇಲ್ಲದ ಮನೆಗೆ ಮಡಕೆಯೇ ಸರಿ: ದೊಡ್ಡ ಮಡಕೆಯೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಇನ್ಸುಲಿನ್ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿರುವಂತೆ, ಮೇಲೆ ಒದ್ದೆ ಬಟ್ಟೆ, ನೆರಳಲ್ಲಿ. ಹಾಲಿನ ಬಣ್ಣದ ಇನ್ಸುಲಿನ್ನನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಹತ್ತು ಸಲ ಮೇಲೆ ಕೆಳಗೆ ಮಾಡಬೇಕು. ಕುಲುಕಿದರೆ ನೊರೆ ಬಂದು ಅಳತೆ ತಪ್ಪುತ್ತದೆ. ಪೆನ್ನಾದರೆ ಮೊದಲು 2 ಯೂನಿಟ್ ಗಾಳಿಗೆ ಬಿಟ್ಟು ಹನಿ ಬರುವುದನ್ನು ನೋಡಿ, ಚುಚ್ಚಿ ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಬೇಕು. ಚುಚ್ಚುವ ಜಾಗವನ್ನು ಮುಟ್ಟಿ ನೋಡಿಕೊಳ್ಳಲು ಹೇಳಿ. ಗಂಟು ಕಟ್ಟಿದ ಜಾಗದಲ್ಲಿ ನೋವು ಕಡಿಮೆ ಎಂದು ಅಲ್ಲೇ ಚುಚ್ಚುತ್ತಾರೆ, ಅಲ್ಲಿಂದ ಇನ್ಸುಲಿನ್ ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಇನ್ಹೇಲರಿನಲ್ಲಿ ಎರಡು ಬಗೆಗೆ ಎರಡು ವಿರುದ್ಧ ಉಸಿರು. ಒತ್ತಿದರೆ ಸ್ಪ್ರೇ ಬರುವ ಪಂಪಿಗೆ: ಕುಲುಕಿ, ಉಸಿರು ಪೂರ್ತಿ ಹೊರಬಿಟ್ಟು, ತುಟಿ ಬಿಗಿಮಾಡಿ, ನಿಧಾನವಾಗಿ ಎಳೆಯಲು ಶುರುಮಾಡಿದ ಕೂಡಲೇ ಒಮ್ಮೆ ಒತ್ತಿ, ಎಳೆಯುತ್ತಲೇ ಹೋಗಿ ಹತ್ತು ಎಣಿಸುವವರೆಗೆ ಹಿಡಿದಿಡಬೇಕು, ಎರಡನೇ ಪಫ್ ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು. ಪುಡಿಯ ಕ್ಯಾಪ್ಸೂಲ್ ಹಾಕುವ ಸಾಧನಕ್ಕೆ: ಜೋರಾಗಿ, ಒಂದೇ ಸಲಕ್ಕೆ ಆಳವಾಗಿ ಎಳೆಯಬೇಕು, ಅದರೊಳಕ್ಕೆ ಉಸಿರು ಬಿಡಬಾರದು, ತೇವಕ್ಕೆ ಪುಡಿ ಅಂಟುತ್ತದೆ. ಆ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರಿದ್ದಾರೆ. ಮಾತ್ರೆಯಂತೆ ಕಾಣುವುದನ್ನು ಮಾತ್ರೆಯಂತೆ ಬಳಸಿದರೆ ಅವರದ್ದು ತಪ್ಪು ಎನ್ನಲಾಗದು. ಸ್ಟೀರಾಯ್ಡ್ ಇರುವುದಾದರೆ ನಂತರ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು, ಧ್ವನಿ ಒರಟು. ಪಂಪಿಗೆ ಜೋಡಿಸುವ ಸ್ಪೇಸರ್ ಕೊಳವೆಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ತಿಗೆ ಔಷಧ ಗೋಡೆಗೆ ಅಂಟಿಕೊಳ್ಳುತ್ತದೆ. ಔಷಧವಿಲ್ಲದ ಡೆಮೋ ಸಾಧನವನ್ನು ಕಂಪನಿಯ ಪ್ರತಿನಿಧಿಯಿಂದ ಕೇಳಿ ಇಟ್ಟುಕೊಳ್ಳಿ.

ಮಕ್ಕಳ ಜ್ವರದ ಔಷಧ ಪ್ಯಾರಾಸಿಟಮಾಲ್‌ನಲ್ಲಿ ಮೂರು ಸಾಂದ್ರತೆಗಳು ಒಂದೇ ಕಪಾಟಿನಲ್ಲಿರುತ್ತವೆ: ಡ್ರಾಪ್ಸ್ ಒಂದು ಎಂಎಲ್‌ಗೆ 100 ಮಿಗ್ರಾಂ, ಸಿರಪ್ 5 ಎಂಎಲ್‌ಗೆ 125 ಅಥವಾ 250 ಮಿಗ್ರಾಂ. ಕಿಲೋಗೆ 15 ಮಿಗ್ರಾಂ ಲೆಕ್ಕದಲ್ಲಿ ಹತ್ತು ಕಿಲೋದ ಮಗುವಿಗೆ 150 ಮಿಗ್ರಾಂ ಬೇಕು: ಡ್ರಾಪ್ಸಾದರೆ 1.5 ಎಂಎಲ್, 125ರ ಸಿರಪ್ಪಾದರೆ 6 ಎಂಎಲ್, 250ರದ್ದಾದರೆ 3 ಎಂಎಲ್. ‘ಹೋದ ಸಲ 5 ಎಂಎಲ್ ಹಾಕಿದ್ವಿ’ ಎಂದು ಡ್ರಾಪ್ಸಿನಲ್ಲಿ 5 ಎಂಎಲ್ ಹಾಕಿದರೆ 500 ಮಿಗ್ರಾಂ. ವಯಸ್ಸು ಕೇಳಿ ಸುಮ್ಮನಾಗಬೇಡಿ, ತೂಕ ಕೇಳಿ. ಮುಚ್ಚಳದ ಕಪ್ಪಿನ ಮೇಲೆ ಪೆನ್ನಿನಿಂದ ಗೆರೆ ಎಳೆದುಕೊಡಿ. ಅಡುಗೆಮನೆಯ ಚಮಚ ಬೇಡವೆನ್ನಿ. ಓಆರ್‌ಎಸ್ ಕೊಡುವಾಗಲೂ ಅಷ್ಟೇ: ಸುಮಾರು 21 ಗ್ರಾಂನ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಒಂದು ಲೋಟವಲ್ಲ. ಲೋಟಕ್ಕೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೇಡು. ಪೂರ್ತಿ ಬಾಟಲಿ ತೋರಿಸಿ ‘ಇದರ ತುಂಬಾ’ ಎಂದರೆ ತಿಳಿಯುತ್ತದೆ. ಬೆರೆಸಿದ್ದು 24 ಗಂಟೆ ಮಾತ್ರ.

ಚೀಟಿ ಇಲ್ಲದೆ ಬಂದವರು

‘ಮೈಕೈ ನೋವಿಗೆ ಎರಡು ಮಾತ್ರೆ ಕೊಡಿ’ ಎಂದವರಿಗೆ ಬಿಪಿ ಮಾತ್ರೆ ಇದೆಯೇ ಎಂದು ಕೇಳುವ ಒಂದು ಪ್ರಶ್ನೆ ಮೂತ್ರಪಿಂಡ ಉಳಿಸಬಹುದು. ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ವರ್ಗದ್ದು, ನೀರಿಳಿಸುವ ಮಾತ್ರೆ, ಅದರ ಮೇಲೆ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್: ಈ ಮೂರು ಕೂಡಿದಾಗ ಮೂತ್ರಪಿಂಡಕ್ಕೆ ರಕ್ತದ ಒತ್ತಡವೇ ಸಾಲದಾಗುತ್ತದೆ, ಭೇದಿಯಾಗಿ ನೀರು ಕಳೆದುಕೊಂಡಿದ್ದರೆ ಇನ್ನೂ ಬೇಗ. ಪ್ಯಾರಾಸಿಟಮಾಲ್ ಸಾಕು ಎನ್ನುವುದು ಇಲ್ಲಿ ಒಳ್ಳೆಯ ಸಲಹೆ. ಗಜಕರ್ಣಕ್ಕೆ ‘ಆ ಟ್ಯೂಬ್ ಕೊಡಿ’ ಎಂದು ಕೇಳುವುದು ಹೆಚ್ಚಾಗಿ ಕ್ಲೋಬೆಟಸಾಲ್ ಬೆರೆತದ್ದು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಸೋಂಕು ಒಳಗೇ ಹರಡುತ್ತದೆ. ಇಂಥ ಸ್ಟೀರಾಯ್ಡ್ ಕ್ರೀಮುಗಳು 2018ರಿಂದ ಚೀಟಿಯ ಮೇಲೆಯೇ ಕೊಡಬೇಕಾದವು. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಮಾರುವುದಕ್ಕಿಂತ ಕಫ ಪರೀಕ್ಷೆಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಾರಿ ಹೇಳಬೇಕು. ಟಿಬಿ ಮಾತ್ರೆ ಕೊಟ್ಟರೆ ಎಚ್1 ರಿಜಿಸ್ಟರಿನಲ್ಲಿ (ಹೆಚ್ಚು ನಿಗಾ ಬೇಕಾದ ಔಷಧಗಳ ಮಾರಾಟದ ದಾಖಲೆ) ಬರೆದು ಮೂರು ವರ್ಷ ಇಡುವುದರ ಜೊತೆಗೆ, 2018ರ ಆದೇಶದಂತೆ ಆ ಮಾಹಿತಿಯನ್ನು ಕ್ಷಯರೋಗ ಅಧಿಕಾರಿಗೂ ತಿಳಿಸಬೇಕು.

ಚೀಟಿ ಇದ್ದರೂ ಕೈ ತಡೆಯಬೇಕಾದ ಒಂದು ಮಾತ್ರೆ ಇದೆ: ಮೆಥೊಟ್ರೆಕ್ಸೇಟ್. ಕೀಲುವಾತಕ್ಕೆ, ಸೋರಿಯಾಸಿಸ್ಸಿಗೆ ಅದು ವಾರಕ್ಕೊಮ್ಮೆ ಮಾತ್ರ. ಅಭ್ಯಾಸಬಲದಿಂದ ದಿನಾ ನುಂಗಿದವರು ಬಾಯಿ ಹುಣ್ಣು, ಜ್ವರ, ರಕ್ತಕಣ ಕುಸಿತದಿಂದ ಸತ್ತಿದ್ದಾರೆ. ಕವರಿನ ಮೇಲೆ ‘ಸೋಮವಾರ ಮಾತ್ರ’ ಎಂದು ವಾರದ ಹೆಸರನ್ನೇ ಬರೆಯಿರಿ, ‘ವಾರಕ್ಕೆ 1’ ಎಂದಲ್ಲ. ನಾಲ್ಕು ವಾರಕ್ಕೆ ಆಗುವಷ್ಟೇ ಎಣಿಸಿ ಕೊಡಿ. ಅದರ ಜೊತೆ ಬರೆದ ಫೋಲಿಕ್ ಆಸಿಡ್ ಕೂಡ ಚಿಕ್ಕ ಹಳದಿ ಮಾತ್ರೆ. ಎರಡನ್ನೂ ಒಂದೇ ಕವರಿಗೆ ಹಾಕಬೇಡಿ.

ಡಾಕ್ಟರಿಗೆ ಫೋನ್ ಮಾಡುವಾಗ

ನಾವು ಎಡವುವುದು ಹೆಚ್ಚಾಗಿ ಇಲ್ಲೇ. ರೋಗಿಯ ಎದುರು ‘ಡಾಕ್ಟ್ರು ತಪ್ಪು ಬರೆದಿದ್ದಾರೆ’ ಎಂದುಬಿಟ್ಟರೆ ಆ ಕ್ಲಿನಿಕ್ಕಿನ ಬಾಗಿಲು ಮುಚ್ಚಿದಂತೆ. ‘ಒಂದು ವಿಷಯ ಖಚಿತ ಮಾಡ್ಕೊಂಡು ಕೊಡ್ತೀನಿ’ ಎನ್ನಿ. ಫೋನಿನಲ್ಲಿ ಅರ್ಧ ನಿಮಿಷದ ಮಾತು, ಈ ಕ್ರಮದಲ್ಲಿ: ನಾನು ಯಾರು, ಯಾವ ರೋಗಿ, ಏನು ಕಂಡೆ, ಏನು ಮಾಡಬಹುದು. ‘ಸರ್, ಇಂಥ ಮೆಡಿಕಲ್ಸ್‌ನಿಂದ ಫಾರ್ಮಸಿಸ್ಟ್. ನಿಮ್ಮ ಪೇಶೆಂಟ್, ಥೈರಾಯ್ಡ್ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ಕೂಡ ಬೆಳಿಗ್ಗೆ ಬರೆದಿದೆ. ಕ್ಯಾಲ್ಸಿಯಂ ರಾತ್ರಿ ಊಟದ ಮೇಲೆ ಹೇಳಲಾ?’ ಎರಡರ ನಡುವೆ ನಾಲ್ಕು ಗಂಟೆ ಬೇಕೆಂಬುದು ಅವರಿಗೂ ಗೊತ್ತು; ಹೂಂ ಎನ್ನುತ್ತಾರೆ. ಪ್ರಶ್ನೆಯನ್ನು ಪರಿಹಾರದ ಜೊತೆ ಒಯ್ಯದ ಫೋನಿಗೆ ಮಾತ್ರ ಸಿಟ್ಟು ಬರುತ್ತದೆ. ಹೇಳಿದ್ದನ್ನು ಚೀಟಿಯ ಹಿಂದೆ ತಾರೀಕು, ಸಮಯದೊಂದಿಗೆ ಬರೆದಿಡಿ. ಅವರು ಒಪ್ಪದೆ ನೀವಾಗಿ ಔಷಧ ಬದಲಿಸುವಂತಿಲ್ಲ. ಶೆಡ್ಯೂಲ್ ಎಚ್ (ಚೀಟಿ ಇಲ್ಲದೆ ಮಾರಬಾರದ) ಔಷಧಕ್ಕೆ ಬದಲಿ ಬ್ರ್ಯಾಂಡ್ ಕೊಡುವುದನ್ನೂ ಔಷಧ ನಿಯಮಾವಳಿಯ ನಿಯಮ 65 ತಡೆಯುತ್ತದೆ.

ಅಡ್ಡಪರಿಣಾಮ ಕಂಡರೆ ದಾಖಲಿಸುವುದಕ್ಕೆ ಡಾಕ್ಟರೇ ಆಗಬೇಕಿಲ್ಲ. ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮ 2010ರಿಂದ ನಡೆಯುತ್ತಿದೆ, ಅದರ ಕೇಂದ್ರ ಘಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್. ಯಾರಿಗಾಯಿತು, ಯಾವ ಔಷಧದ ಮೇಲೆ ಅನುಮಾನ, ಏನಾಯಿತು, ಯಾರು ವರದಿ ಮಾಡುತ್ತಿರುವುದು, ಈ ನಾಲ್ಕು ಇದ್ದರೆ ಸಾಕು. ಔಷಧದಿಂದಲೇ ಆಯಿತೆಂದು ನೀವು ಸಾಬೀತು ಮಾಡಬೇಕಿಲ್ಲ. ಬ್ಯಾಚ್ ನಂಬರ್ ಇದ್ದರೆ ಒಳ್ಳೆಯದು, ಅದಕ್ಕೇ ಆ ಸ್ಟ್ರಿಪ್ಪಿನ ತುದಿಯ ಮಾತು ಹೇಳಿದ್ದು. ಸಹಾಯವಾಣಿ 1800-180-3024, ಕರೆ ಉಚಿತ. ರೋಗಿಗಳೇ ತುಂಬಬಹುದಾದ ಫಾರಂ ಕನ್ನಡದಲ್ಲೂ ಇದೆ. ಹತ್ತು ಪ್ರತಿ ಪ್ರಿಂಟ್ ತೆಗೆದು ಕೌಂಟರಿನ ಡ್ರಾಯರಿನಲ್ಲಿ ಇಡಿ. ಮೂರ್ಛೆರೋಗದ ಮಾತ್ರೆ ಕಾರ್ಬಮಜೆಪಿನ್ ಶುರುಮಾಡಿದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಎಂದು ಮುಲಾಮು ಕೇಳಿ ಬಂದರೆ ಮಾತ್ರ ಫಾರಂ ಆಮೇಲೆ: ಅವರನ್ನು ಆಗಲೇ ಆಸ್ಪತ್ರೆಗೆ ಕಳಿಸಿ, ಮುಂದಿನ ಡೋಸ್ ತೆಗೆದುಕೊಳ್ಳುವ ಮೊದಲು ಡಾಕ್ಟರು ನೋಡಬೇಕು ಎಂದು ಚೀಟಿಯಲ್ಲಿ ಬರೆದುಕೊಡಿ.